ನಾಲ್ಕನೇ ನಡಿಗೆ

ನಮ್ಮೂರಿನ ಅಂಗಡಿ ಬಾಗಿಲಿಗೆ ಅಂಟಿಸಿದ್ದ ಬುಧವಾರದ ನಡಿಗೆಗಳ ಪಟ್ಟಿಯಲ್ಲಿ ಮೂರಾದ ಮೇಲೆ ಐದು ಬರುತ್ತಿತ್ತು. ಮೂರು ವರ್ಷ ಹಾಗೆಯೇ ಇತ್ತು. ಪಟ್ಟಿ ಬರೆಯುವವಳು ನಾನು, ವಿಲ್ಮಾ ರೆನ್ನಿ. ಮೂವತ್ತೊಂದು ವರ್ಷ ಶಾಲೆಯ ಅಡುಗೆಮನೆಯಲ್ಲಿ ಸೌಟು ಹಿಡಿದು ಮಕ್ಕಳಿಗೆ ಬಡಿಸಿದವಳಿಗೆ ಮೂರಾದ ಮೇಲೆ ನಾಲ್ಕು ಎಂದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಊರಿಗೂ ಗೊತ್ತಿತ್ತು. ಆದರೆ ಕಿಲ್‌ಅರ್ಡನ್‌ನಲ್ಲಿ ಗೊತ್ತಿರುವ ಸಂಗತಿಯನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಪಕ್ಕದ ಮನೆಯ ಚಿಮಣಿಗೆ ಬೆಂಕಿ ಬಿದ್ದಿದ್ದರೂ ಬಾಗಿಲು ತಟ್ಟಿ, ಮೊದಲು ಮಳೆಯ ಬಗ್ಗೆ ನಾಲ್ಕು ಮಾತಾಡಿ, ಆಮೇಲೆ ‘ನಿಮಗೆ ತೊಂದರೆ ಕೊಡೋಣ ಅಂತ ಬಂದಿದ್ದಲ್ಲ’ ಎಂದು ಶುರುಮಾಡುವ ಜನ ನಾವು.

ನಮ್ಮ ನಡಿಗೆಗಳೆಲ್ಲ ಸುಲಭದವು. ಎರಡು ಮೈಲಿ, ಹೆಚ್ಚೆಂದರೆ ಮೂರು. ಬುಧವಾರ ಬೆಳಿಗ್ಗೆ ಹತ್ತಕ್ಕೆ ಊರಿನ ಹಾಲ್ ಮುಂದೆ ಹದಿನೈದು ಹದಿನಾರು ಜನ ಸೇರುತ್ತೇವೆ. ಮಂಡಿ ಸವೆದವರು, ಎದೆಯಲ್ಲಿ ಯಂತ್ರ ಇಟ್ಟುಕೊಂಡವರು, ಡಾಕ್ಟರು ‘ನಡೀರಿ, ಇಲ್ಲದಿದ್ರೆ ಮಾತ್ರೆ ಜಾಸ್ತಿ ಮಾಡ್ತೀನಿ’ ಎಂದು ಹೆದರಿಸಿ ಕಳಿಸಿದವರು. ಓಕ್ ಕಾಡಿನಲ್ಲಿ ಒಂದು ವಾರ, ಸರೋವರದ ದಂಡೆಯಲ್ಲಿ ಒಂದು ವಾರ, ಗುಡ್ಡದ ಬುಡದಲ್ಲಿ ಒಂದು ವಾರ; ಒಂಬತ್ತು ದಾರಿಗಳು ಸರದಿಯ ಮೇಲೆ ಬರುತ್ತವೆ. ಗುಡ್ಡ ಹತ್ತುವುದಿಲ್ಲ, ಅದನ್ನು ನೋಡಿಕೊಂಡು ಹೋಗುತ್ತೇವೆ ಅಷ್ಟೇ. ಎಲ್ಲರ ಮುಂದೆ ನಾನು. ಎಲ್ಲರ ಹಿಂದೆ ಒಬ್ಬರು. ಅವರನ್ನು ನಾವು ಬಾಲ ಎನ್ನುತ್ತೇವೆ. ಬಾಲದ ಹಿಂದೆ ಯಾರೂ ಇರಕೂಡದು. ಪ್ರತಿ ಗೇಟಿನಲ್ಲೂ ಮುಂದಿನವಳು ನಿಂತು, ತಿರುಗಿ, ಬಾಲದವರೆಗೆ ತಲೆ ಎಣಿಸಬೇಕು. ಇರುವುದು ಇಷ್ಟೇ ನಿಯಮ.

ಆ ಜುಲೈ ತಿಂಗಳಲ್ಲಿ ಗ್ಲಾಸ್ಗೋದಿಂದ ರೋನಾ ಎಂಬ ನಿವೃತ್ತ ನರ್ಸ್ ನಮ್ಮೂರಿಗೆ ಬಂದು ನೆಲೆಸಿದ್ದಳು. ಎರಡನೇ ಬುಧವಾರವೇ, ನಡಿಗೆ ಮುಗಿಸಿ ಹಾಲ್‌ನಲ್ಲಿ ಚಹಾ ಕುಡಿಯುವಾಗ, ಪಟ್ಟಿ ಕೈಯಲ್ಲಿ ಹಿಡಿದು ಕೇಳಿದಳು:

“ಈ ನಾಲ್ಕನೇದು ಎಲ್ಲಿ ಹೋಯ್ತು?”

ಹಳೆಯ ಪೋಸ್ಟ್‌ಮನ್ ಹೆಕ್ಟರ್ ತನ್ನ ಸಕ್ಕರೆಯಿಲ್ಲದ ಚಹಾವನ್ನು ಜೋರಾಗಿ ಕಲಕತೊಡಗಿದ.

“ಅದು ಈಗ ಇಲ್ಲ,” ಎಂದೆ.

“ಯಾಕೆ, ಕೆಸರಾ?”

“ಕೆಸರಲ್ಲ.”

“ಗೂಳಿ ಬಿಟ್ಟಿದ್ದಾರಾ?”

ಹೆಕ್ಟರ್ ಚಮಚ ಕೆಳಗಿಟ್ಟ. “ಅದು ಸರೋವರದ ಆ ತುದೀಲಿ ಇಷ್‌ಬೆಲ್ ಮನೆಗೆ ಹೋಗೋ ದಾರಿ ಕಣಮ್ಮ. ಅವಳ ಗಂಡ ಡೂಗಲ್ ನಮ್ಮ ಜೊತೆ ನಡೀತಿದ್ದೋನು. ಆ ದಾರೀಲೇ ಹೋಗ್ಬಿಟ್ಟ, ಹೃದಯ ನಿಂತು. ಮೂರು ವರ್ಷ ಆಯ್ತು. ನಾವು ಗುಂಪು ಕಟ್ಕೊಂಡು ಹೋಗಿ ಅವಳಿಗೆ ನೋವು ಕೊಡೋದು ಬೇಡ ಅಂತ ಬಿಟ್ವಿ.”

“ಬರಬೇಡಿ ಅಂತ ಅವರು ಹೇಳಿದ್ರಾ?”

“ಇಲ್ಲ.”

“ಬರೋದಾ ಬೇಡ್ವಾ ಅಂತ ನೀವು ಕೇಳಿದ್ರಾ?”

“ಅಂಥದ್ದನ್ನೆಲ್ಲ ಕೇಳ್ತಾರೇನಮ್ಮ?”

“ಕೇಳದೆ ಹೇಗೆ ಗೊತ್ತಾಗತ್ತೆ?” ರೋನಾ ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದಳು, ರೋಗಿ ಮಾತ್ರೆ ನುಂಗಿದನೋ ಕೆನ್ನೆಯಲ್ಲಿ ಅಡಗಿಸಿಕೊಂಡನೋ ಎಂದು ನೋಡುವ ಹಾಗೆ. “ಹಾಗಾದ್ರೆ ಪಟ್ಟಣದ ವಕೀಲರ ಕಿಟಕೀಲಿ ಫೋಟೋ ಹಾಕಿದ್ದಾರಲ್ಲ, ದಂಡೆ ಮೇಲಿನ ಬಿಳಿ ಮನೆ, ಮಾರಾಟಕ್ಕಿದೆ ಅಂತ, ಅದು ಅವರದ್ದೇನಾ? ನಾಡಿದ್ದು ಶುಕ್ರವಾರ ಹನ್ನೆರಡಕ್ಕೆ ಲಕೋಟೆ ತೆರೀತಾರಂತೆ.”

ಯಾರಿಗೂ ಗೊತ್ತಿರಲಿಲ್ಲ. ನಮ್ಮ ಕಡೆ ಮನೆ ಕೊಳ್ಳುವವರು ಬೆಲೆ ಬರೆದು ಲಕೋಟೆ ಮುಚ್ಚಿ ವಕೀಲರಿಗೆ ಕೊಡುತ್ತಾರೆ. ಗಡುವಿನ ಹೊತ್ತಿಗೆ ಎಲ್ಲವನ್ನೂ ಒಟ್ಟಿಗೆ ಒಡೆಯುತ್ತಾರೆ. ಆಮೇಲೆ ಸಾಮಾನ್ಯವಾಗಿ ಹಿಂದೆ ಸರಿಯುವ ಮಾತಿಲ್ಲ. ಇಷ್‌ಬೆಲ್ ಹೊರಟು ನಿಂತಿದ್ದಳು. ಶಾಲೆಯಲ್ಲಿ ಏಳು ವರ್ಷ ನನ್ನ ಪಕ್ಕ ಕೂತವಳು, ನನ್ನ ಮದುವೆಯಲ್ಲಿ ನನಗಿಂತ ಜಾಸ್ತಿ ಅತ್ತವಳು. ಆ ಸುದ್ದಿ ನನಗೆ ಹೊಸಬಳೊಬ್ಬಳ ಬಾಯಿಂದ ತಿಳಿಯಬೇಕಾಯಿತು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ನನ್ನ ಕೈ ಅವತ್ತು ಹೆಗಲ ಮೇಲೇ ಇತ್ತು. ಅದರ ಕಾರಣ ಊರಲ್ಲಿ ಯಾರಿಗೂ ಹೇಳಿರಲಿಲ್ಲ.

ಡೂಗಲ್ ನಮ್ಮ ಬಾಲವಾಗಿದ್ದ. ಅರಣ್ಯ ಇಲಾಖೆಯಲ್ಲಿ ಮರ ಕಡಿದು, ನೆಟ್ಟು, ನಿವೃತ್ತನಾದ ದೊಡ್ಡ ಆಳು. ಎಲ್ಲರ ಹಿಂದೆ ಬರುತ್ತ, ನಾವು ಬೀಳಿಸಿಕೊಂಡ ಕೈಗವಸುಗಳನ್ನೂ ಕನ್ನಡಕಗಳನ್ನೂ ಹೆಕ್ಕಿ ಜೇಬಿಗೆ ತುಂಬಿಕೊಳ್ಳುತ್ತಿದ್ದ. ಕೊನೆಯಲ್ಲಿ ಹರಾಜು ಹಾಕಿ ನಗಿಸುತ್ತಿದ್ದ. ನಾಲ್ಕನೇ ನಡಿಗೆ ಅವನ ಮನೆಗೇ ಹೋಗಿ ಮುಗಿಯುತ್ತಿತ್ತು. ಇಷ್‌ಬೆಲ್ ತೋಟದಲ್ಲಿ ಮೇಜು ಹಾಕಿ ಹದಿನಾರು ಜನಕ್ಕೆ ಚಹಾ ಇಡುತ್ತಿದ್ದಳು, ಕಾವಲಿ ಮೇಲೆ ಬೇಯಿಸಿದ, ದಪ್ಪ ಬನ್ನಿನಂಥ ಬಿಸಿ ಸ್ಕೋನ್, ಮನೆಯ ರಾಸ್ಪ್‌ಬೆರಿ ಜಾಮ್. ಜನ ಆ ಬುಧವಾರಕ್ಕೆ ಬೆಳಗಿನ ತಿಂಡಿ ಬಿಟ್ಟು ಬರುತ್ತಿದ್ದರು.

ಮೂರು ವರ್ಷದ ಹಿಂದಿನ ಸೆಪ್ಟೆಂಬರ್. ಒಳ್ಳೆಯ ಬಿಸಿಲು. ಶಾಲೆಯ ಅಡುಗೆಮನೆಗೆ ತಪಾಸಣೆಗೆ ಬಂದ ಸಾಹೇಬರು ಹಂದಿಗೆ ಇಟ್ಟಿದ್ದ ಬಕೆಟ್ಟಿನಿಂದ ಸೂಪ್ ರುಚಿ ನೋಡಿದ ಕತೆ ನಾನು ಹೇಳುತ್ತಿದ್ದೆ. ಹಳ್ಳದ ಮೇಲಿನ ಮರದ ಸೇತುವೆಯ ಹತ್ತಿರ ಗೇಟು ಬಂದಾಗ ಕತೆ ಸರಿಯಾಗಿ ಸಾಹೇಬರ ಬಾಯಿಗೆ ಸೌಟು ಹೋಗುವಲ್ಲಿಗೆ ಬಂದಿತ್ತು. ನಾನು ನಿಲ್ಲಲಿಲ್ಲ. ತಿರುಗಲಿಲ್ಲ. ಎಣಿಸಲಿಲ್ಲ. ಎಲ್ಲರನ್ನೂ ನಗಿಸುತ್ತ ಇಷ್‌ಬೆಲ್‌ಳ ತೋಟಕ್ಕೆ ನುಗ್ಗಿದೆ. ಅವಳು ತಟ್ಟೆ ಹಿಡಿದು ಬಂದವಳು, “ನಮ್ಮೋನೆಲ್ಲಿ?” ಎಂದಳು.

ಅವನು ಸೇತುವೆಯ ಈಚೆ, ಊರಿನ ಕಡೆ, ಒಂದು ಬರ್ಚ್ ಮರಕ್ಕೆ ಒರಗಿ ಕೂತಿದ್ದ, ದಣಿವಾರಿಸಿಕೊಳ್ಳುವವನಂತೆ. ಪಕ್ಕದಲ್ಲೇ ನಿಂತಿದ್ದರೂ ಏನೂ ಮಾಡಲಾಗುತ್ತಿರಲಿಲ್ಲ ಎಂದರು ಡಾಕ್ಟರು. ಅದನ್ನು ನಂಬುತ್ತೇನೆ. ಆದರೆ ಒಬ್ಬ ಮನುಷ್ಯ ಒಂಟಿಯಾಗಿ ಹೋದ, ನಾವು ಹದಿನೈದು ಜನ ಅರ್ಧ ಮೈಲಿ ಮುಂದೆ ನಗುತ್ತಿದ್ದೆವು. ಎಣಿಸಿದ್ದರೆ ಅವನ ಕೈಯನ್ನಾದರೂ ಯಾರೋ ಹಿಡಿದಿರುತ್ತಿದ್ದರು.

ಅಂತ್ಯಕ್ರಿಯೆಯಾದ ಮೇಲೆ ನಾನೇ ಎಲ್ಲರಿಗೂ ಹೇಳಿದೆ: ಪಾಪ, ಅವಳಿಗೆ ನೋವಾಗುತ್ತದೆ, ನಾಲ್ಕನೆಯದು ಸದ್ಯಕ್ಕೆ ಬೇಡ. ಎಲ್ಲರೂ ತಲೆಯಾಡಿಸಿದರು. ಹೊಸ ವರ್ಷದ ಪಟ್ಟಿಯಲ್ಲಿ ಅದನ್ನು ಬಿಟ್ಟೇ ಬಿಟ್ಟೆ. ಅವಳ ಹೆಸರು ಹೇಳಿ ನನ್ನ ಹೆದರಿಕೆಯನ್ನು ಮುಚ್ಚಿಟ್ಟೆ, ಇದು ನಿಜ. ಅಂಗಡಿಯಲ್ಲಿ ಸಿಕ್ಕರೆ “ಹೇಗಿದ್ದೀಯೆ?” “ಪರವಾಗಿಲ್ಲ ಕಣೆ.” ಅಷ್ಟಾದ ಮೇಲೆ ನಾನು ಬಟಾಣಿ ಡಬ್ಬಗಳ ಬೆಲೆ ಓದುತ್ತ ನಿಲ್ಲುತ್ತಿದ್ದೆ. ಸ್ವಲ್ಪ ದಿನಕ್ಕೆ ಅವಳು ಆ ಕಡೆಯ ರಸ್ತೆಯಲ್ಲಿ ಪಟ್ಟಣಕ್ಕೇ ಹೋಗಿ ಸಾಮಾನು ತರತೊಡಗಿದಳು.

ಗುರುವಾರ ಬೆಳಿಗ್ಗೆ ಹೆಕ್ಟರ್, ರೋನಾ, ನಾನು ಕುಡುಗೋಲು ಕತ್ತರಿ ಹಿಡಿದು ಹೊರಟೆವು. ಕಾರಿನಲ್ಲಿ ಸುತ್ತುಹಾಕಿ ಹೋಗಬಹುದಿತ್ತು, ಏಳು ಮೈಲಿ. ಆದರೆ ಕಾರಿನಲ್ಲಿ ಹೋಗಿ ಗಂಟೆ ಒತ್ತಿದರೆ ನೆಂಟರ ಹಾಗೆ ಅರ್ಧ ಗಂಟೆ ಕೂತು ಬರಬೇಕಾಗುತ್ತದೆ. ಯಾವ ದಾರಿ ಬಿಟ್ಟಿದ್ದೆವೋ ಅದರಲ್ಲೇ ಹೋಗಬೇಕು ಎಂದು ನನಗೆ ಹಟ ಬಂದಿತ್ತು.

ದಾರಿ ಎಲ್ಲಿತ್ತು? ಓಕ್ ಮರಗಳ ನೆರಳು ದಾಟಿದ ಮೇಲೆ ಬರೀ ಜರಿಗಿಡ, ಎದೆಯೆತ್ತರ. ಮೂರು ಬೇಸಿಗೆ ಯಾರೂ ಕಾಲಿಡದಿದ್ದರೆ ಅದು ನೆಲವನ್ನು ನುಂಗಿಬಿಡುತ್ತದೆ. ಗಾಳಿಯಿರಲಿಲ್ಲ, ನುಸಿಗಳು ಕಿವಿ, ಮೂಗು, ಕಾಲರ್ ಒಳಗೆಲ್ಲ ನುಗ್ಗಿದವು.

“ಇದನ್ನ ಸುಲಭ ಅಂತ ಬರೆದಿದ್ರಾ?” ರೋನಾ ಕತ್ತು ಕೆರೆಯುತ್ತ ಕೇಳಿದಳು.

“ಆಗ ಸುಲಭಾನೇ ಇತ್ತು,” ಎಂದ ಹೆಕ್ಟರ್. “ಆಗ ವಿಲ್ಮಾನೂ ಸುಲಭ ಇದ್ಲು.”

“ಬಾಯಿ ಮುಚ್ಕೊಂಡು ಕತ್ತರಿಸೋ,” ಎಂದೆ.

ಎರಡೂವರೆ ಗಂಟೆ ಹಿಡಿಯಿತು. ಬೆನ್ನು ಮುರಿದುಹೋಗಿತ್ತು. ಆ ಬರ್ಚ್ ಮರ ಬಂತು. ನಾನು ತಲೆ ತಗ್ಗಿಸಿಕೊಂಡು ಕತ್ತರಿಸುತ್ತಲೇ ಮುಂದೆ ಹೋದೆ. ಕೊನೆಯ ಜರಿಗಿಡ ಬಿದ್ದಾಗ ಗೇಟು ಕಂಡಿತು, ಸೇತುವೆ ಕಂಡಿತು. ಸೇತುವೆಯ ನಡುವಿನ ಎರಡು ಹಲಗೆ ಕೊಳೆತು ಬಿದ್ದುಹೋಗಿದ್ದವು. ಅದರಾಚೆ ನೋಡಿ ನಾನು ಕುಡುಗೋಲು ಕೈಬಿಟ್ಟೆ.

ಆಚೆ ದಾರಿ ಇತ್ತು. ಜರಿಗಿಡವಿಲ್ಲ, ಮುಳ್ಳಿಲ್ಲ. ಎರಡೂ ಅಂಚು ನೇರವಾಗಿ ಕತ್ತರಿಸಿ, ಕಲ್ಲು ಹೆಕ್ಕಿ, ನೀರು ನಿಲ್ಲದಂತೆ ಪಕ್ಕದಲ್ಲಿ ಕಾಲುವೆ ತೋಡಿತ್ತು. ಕತ್ತರಿಸಿದ ಸೊಪ್ಪು ಬದಿಯಲ್ಲಿ ರಾಶಿ ಬಿದ್ದಿತ್ತು. ಮೇಲೆ ಈ ವಾರದ ಹಸಿರು, ಅದರ ಕೆಳಗೆ ಹೋದ ವರ್ಷದ ಕಂದು, ಇನ್ನೂ ಕೆಳಗೆ ಮಣ್ಣಾಗುತ್ತಿರುವ ಅದರ ಹಿಂದಿನ ವರ್ಷದ್ದು. ಇಷ್‌ಬೆಲ್‌ಳ ಮನೆಯಿಂದ ಹಳ್ಳದವರೆಗೆ ಅರ್ಧ ಮೈಲಿ ದಾರಿ, ಸೇತುವೆಯ ಬಾಯಿಗೆ ಬಂದು ನಿಂತಿತ್ತು.

ಹೆಕ್ಟರ್ ಟೋಪಿ ತೆಗೆದ. “ಇದು ಒಂದಿನದ ಕೆಲ್ಸ ಅಲ್ಲ ಕಣೆ ವಿಲ್ಮಾ.”

ಅವಳು ಮೂರು ಬೇಸಿಗೆ ನಮಗಾಗಿ ದಾರಿ ಮಾಡಿಟ್ಟಿದ್ದಳು. ನಾವು ಮೂರು ಬೇಸಿಗೆ ಅವಳ ಮನಸ್ಸು ನೋಯಬಾರದು ಎಂದು ಹಾಲ್‌ನಲ್ಲಿ ಕೂತು ಬಿಸ್ಕತ್ತು ತಿಂದಿದ್ದೆವು. ನಾಚಿಕೆಯಿಂದ ನನ್ನ ಮುಖ ಉರಿಯಿತು.

“ನೀವಿಬ್ರೂ ಇಲ್ಲೇ ಇರಿ,” ಎಂದು ನಾನು ಶೂ ಕಳಚಿ ಹಳ್ಳಕ್ಕಿಳಿದೆ. ನೀರು ಮಂಡಿಯವರೆಗೆ ಬಂತು. ಜುಲೈನಲ್ಲೂ ನಮ್ಮ ಹಳ್ಳದ ನೀರು ಮೂಳೆ ಕಚ್ಚುತ್ತದೆ.

ಬಾಗಿಲು ತೆರೆದೇ ಇತ್ತು. ಇಷ್‌ಬೆಲ್ ಅಡುಗೆಮನೆಯಲ್ಲಿ ಕಪ್ಪುಗಳನ್ನು ಹಳೆಯ ಪೇಪರಿನಲ್ಲಿ ಸುತ್ತಿ ಪೆಟ್ಟಿಗೆಗೆ ತುಂಬುತ್ತಿದ್ದಳು. ತೆಳ್ಳಗಾಗಿದ್ದಳು. ನನ್ನ ಒದ್ದೆ ಪ್ಯಾಂಟನ್ನೂ ಬರಿಗಾಲನ್ನೂ ನೋಡಿದಳು.

“ರಸ್ತೆ ಮರೆತುಹೋಯ್ತಾ?”

“ಹಳ್ಳ ದಾಟಿ ಬಂದೆ.”

“ಕಾಣ್ತಿದೆ. ನೆಲ ಒರೆಸಿ ಅರ್ಧ ಗಂಟೆ ಆಗಿಲ್ಲ.”

ಮಳೆಯ ಬಗ್ಗೆ ಮಾತಾಡಬೇಕೆಂದು ಬಾಯಿ ತೆರೆದೆ. ಬೇರೆ ಮಾತು ಬಂತು. “ಇಷ್‌ಬೆಲ್, ಅವತ್ತು ಗೇಟಿನ ಹತ್ರ ನಾನು ಎಣಿಸ್ಲಿಲ್ಲ.”

“ಗೊತ್ತು.”

“ಯಾರು ಹೇಳಿದ್ರು?”

“ಯಾರು ಹೇಳ್ಬೇಕು? ಈ ಕಿಟಕೀಲಿ ನಿಂತು ನೋಡ್ತಿದ್ದೆ. ಎಣಿಸಿ ಬರೋ ದಿನ ನೀನು ಲೆಕ್ಕ ತಪ್ಪಬಾರದು ಅಂತ ತುಟಿ ಅಲ್ಲಾಡಿಸ್ತಾ ಬರ್ತೀಯ, ಚರ್ಚಲ್ಲಿ ಪ್ರಾರ್ಥನೆ ಮರೆತೋರ ಥರ. ಅವತ್ತು ಬಾಯಿ ಅಗಲ ಮಾಡ್ಕೊಂಡು ನಗ್ತಾ ಬಂದೆ.” ಅವಳು ಇನ್ನೊಂದು ಕಪ್ಪು ತೆಗೆದುಕೊಂಡಳು. “ಅದಕ್ಕೆ ನನಗೆ ಸಿಟ್ಟಿಲ್ಲ. ಆ ಹಂದಿ ಬಕೆಟ್ ಕತೆ ತಾನೇ? ಡೂಗಲ್ ನೂರು ಸಲ ಕೇಳಿದ್ದ, ನೂರು ಸಲಾನೂ ನಕ್ಕಿದ್ದ. ನಗ್ತಾನೇ ಹೋಗಿರ್ತಾನೆ.”

“ಮತ್ತೆ ಯಾಕೆ—”

“ಮತ್ತೆ ಯಾಕೆ ಅಂತ ಕೇಳ್ತೀಯಾ?” ಕಪ್ಪು ಮೇಜಿನ ಮೇಲೆ ಕುಟ್ಟಿತು. “ನವೆಂಬರಲ್ಲಿ ನಾಲ್ಕನೇ ಸರದಿ ಬಂತು. ಹದಿನಾರು ಜನಕ್ಕೆ ಸ್ಕೋನ್ ಬೇಯಿಸ್ದೆ. ಯಾರೂ ಬರ್ಲಿಲ್ಲ. ಮಳೆ ಇತ್ತು, ಅದಕ್ಕೇ ಇರ್ಬೇಕು ಅಂದ್ಕೊಂಡೆ. ಜನವರೀಲಿ ಮತ್ತೆ ಬೇಯಿಸ್ದೆ. ಒಂದು ವಾರ ನಾನೂ ಹಕ್ಕಿಗಳೂ ತಿಂದ್ವಿ. ಆಮೇಲೆ ಅಂಗಡಿ ಬಾಗಿಲಲ್ಲಿ ಪಟ್ಟಿ ನೋಡ್ದೆ. ಮೂರು, ಐದು. ಅವನ ಜೊತೆ ನನ್ನನ್ನೂ ಹೂತುಬಿಟ್ರಲ್ಲೇ!”

“ಆ ದಾರಿ ನೋಡಿದ್ರೆ ನಿನಗೆ ನೋವಾಗತ್ತೆ ಅಂತ...”

“ನೋವು ದಾರೀಲಿತ್ತಾ? ನೋವು ಆ ಕುರ್ಚೀಲಿತ್ತು, ಅವನು ಕೂರ್ತಿದ್ದ ಕುರ್ಚೀಲಿ. ದಾರೀಲಿ ನೀವೆಲ್ಲ ಇದ್ರಿ.”

ನಾನು ಅತ್ತೆ. ಅರವತ್ತೊಂಬತ್ತು ವರ್ಷದ ಹೆಂಗಸು, ಪರರ ಅಡುಗೆಮನೆಯಲ್ಲಿ, ಬರಿಗಾಲಲ್ಲಿ. ಅವಳು ಒರೆಸುವ ಬಟ್ಟೆಯನ್ನು ನನ್ನ ಕಡೆ ಎಸೆದಳು.

“ಮುಖ ಒರೆಸ್ಕೋ. ಆಮೇಲೆ ಅದರಲ್ಲೇ ನೆಲನೂ ಒರೆಸು. ನನ್ನ ತಂಗಿ ಮಗಳು ಅಬರ್ಡೀನಲ್ಲಿ ಕೋಣೆ ಸಿದ್ಧ ಮಾಡಿಟ್ಟಿದ್ದಾಳೆ. ನಾಳೆ ಹನ್ನೆರಡಕ್ಕೆ ಲಕೋಟೆ ತೆರೀತಾರೆ. ನನಗೆ ಕೆಲ್ಸ ಇದೆ, ಹೋಗು.”

ಹೋದೆ. ಹಳ್ಳದಾಚೆ ಹೆಕ್ಟರನೂ ರೋನಾಳೂ ನುಸಿಗಳಿಗೆ ಕೆನ್ನೆ ಕೊಟ್ಟುಕೊಂಡು ಕಾಯುತ್ತಿದ್ದರು. ನಾನು ನಡೆದಿದ್ದೆಲ್ಲ ಹೇಳಿದೆ, ಎಣಿಸದ ಸಂಗತಿಯನ್ನೂ. ಹೆಕ್ಟರ್ ನನ್ನ ಭುಜ ತಟ್ಟಿದ.

ರೋನಾ ಕೇಳಿದಳು, “ಸರಿ, ಹೋಗಬೇಡಿ ಅಂತ ಅವರಿಗೆ ಹೇಳಿದ್ರಾ?”

“ಇಲ್ಲ. ಹಾಗನ್ನೋಕೆ ನನಗೇನು ಹಕ್ಕಿದೆ?”

“ಅಯ್ಯೋ ದೇವರೇ,” ಅವಳು ಹಣೆ ಹಣೆ ಚಚ್ಚಿಕೊಂಡಳು, ನುಸಿಗೋ ನನಗೋ ತಿಳಿಯಲಿಲ್ಲ. “ಈ ಊರಿನ ಜನಕ್ಕೆ ನಾಲಿಗೆ ಇರೋದು ಸ್ಕೋನ್ ತಿನ್ನೋಕೆ ಮಾತ್ರಾನಾ?”

ಶುಕ್ರವಾರ ಬೆಳಿಗ್ಗೆಯಿಂದ ಫೋನಿನ ಮುಂದೆ ಕೂತಿದ್ದೆ. ಹನ್ನೊಂದಾಯಿತು. ಅವಳ ಮನೆ, ಅವಳ ಇಷ್ಟ, ನಡುವೆ ಮೂಗು ತೂರಿಸುವುದು ಸರಿಯಲ್ಲ ಎಂದಿತು ಒಂದು ಮನಸ್ಸು. ಮೂರು ವರ್ಷದಿಂದ ಇದೇ ಮನಸ್ಸು ಇದೇ ಮಾತು ಹೇಳಿ ನನ್ನನ್ನು ಎಲ್ಲಿಗೆ ತಂದು ನಿಲ್ಲಿಸಿತು ಎಂದು ಸಿಟ್ಟು ಬಂತು. ಹನ್ನೆರಡಕ್ಕೆ ಎಂಟು ನಿಮಿಷವಿದ್ದಾಗ ನಂಬರು ಒತ್ತಿದೆ.

“ಹಲೋ?”

“ಹೋಗಬೇಡ.”

“ಯಾರದು?”

“ಇನ್ಯಾರು? ವಿಲ್ಮಾ. ಹೋಗಬೇಡ ಇಷ್‌ಬೆಲ್. ನೀನು ಹೋದ್ರೆ ನೋವಾಗತ್ತೆ. ನಿನಗಲ್ಲ, ನನಗೆ.”

“ಗಡಿಯಾರ ನೋಡಿದ್ಯಾ? ನೆನ್ನೆ ಇಲ್ಲಿ ನಿಂತಾಗ ಬಾಯಿಗೆ ಏನಾಗಿತ್ತು ನಿನಗೆ?”

“ನೆನ್ನೆ ಅಳ್ತಿದ್ದೆ.”

“ಫೋನ್ ಇಡು. ವಕೀಲರಿಗೆ ಮಾಡ್ಬೇಕು.”

ಇಟ್ಟೆ. ಏನು ಮಾಡಬೇಕೆಂದು ತಿಳಿಯದೆ ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದೆ. ಹನ್ನೆರಡೂಕಾಲಿಗೆ ಫೋನ್ ಬಂತು.

“ಲಕೋಟೆ ತೆರೀಬೇಡಿ ಅಂದಿದ್ದೀನಿ. ವಕೀಲರಿಗೆ ಕೋಪ ಬಂದಿದೆ, ಬರ್ಲಿ. ವಸಂತದವರೆಗೆ ನೋಡ್ತೀನಿ, ಆಮೇಲೆ ತೀರ್ಮಾನ.” ಜೊತೆಗೆ ಸೇರಿಸಿದಳು, “ಈಗ ಬಿಸಿಲಿದೆ ಅಂತ ಕುಣ್ಕೊಂಡು ಬರಬೇಡಿ. ಬಿಸಿಲಲ್ಲಿ ಪ್ರವಾಸಿಗರೂ ಬರ್ತಾರೆ. ನವೆಂಬರಲ್ಲಿ ಬನ್ನಿ, ಆಗ ನೋಡೋಣ ನಿಮ್ಮ ಸ್ನೇಹಾನ.”

ಕುಣಿದುಕೊಂಡೇ ಹೋದೆವು. ಶನಿವಾರ ಹೆಕ್ಟರ್ ಹಲಗೆ ಜೋಡಿಸಿದ. ಬುಧವಾರ ಸರದಿಯನ್ನೆಲ್ಲ ಮುರಿದು ಹದಿನಾರು ಜನ ನಾಲ್ಕನೇ ದಾರಿ ಹಿಡಿದೆವು. ಅವಳ ಕಪ್ಪುಗಳೆಲ್ಲ ಪೆಟ್ಟಿಗೆಯಲ್ಲಿದ್ದ ಕಾರಣ ಪ್ರತಿಯೊಬ್ಬರೂ ಮನೆಯಿಂದ ಒಂದೊಂದು ತಂದಿದ್ದರು; ದಾರಿಯುದ್ದಕ್ಕೂ ಚೀಲಗಳಲ್ಲಿ ಕಣ ಕಣ ಸದ್ದು. ಇಷ್‌ಬೆಲ್ ಹೆಚ್ಚು ಮಾತಾಡಲಿಲ್ಲ. ಚಹಾ ಕೊಟ್ಟಳು, ಸ್ಕೋನ್ ಕೊಟ್ಟಳು, ಹೆಕ್ಟರ್ ಕೂರಿಸಿದ ಹಲಗೆ ವಾಲಿದೆ ಎಂದಳು. ನಾವು ಹೊರಟಾಗ ನಮ್ಮ ಜೊತೆ ಬಂದು ಹಳ್ಳದ ಹತ್ತಿರ ನಿಂತಳು. ಸೇತುವೆಯ ಮೇಲೆ ಕಾಲಿಡಲಿಲ್ಲ. ಸೆಪ್ಟೆಂಬರಿನಲ್ಲಿ ಸರದಿ ಬಂದಾಗಲೂ ಅಷ್ಟೇ. ನಾನು ಅದನ್ನು ನೋಡಿದೆ, ಆದರೆ ನನ್ನ ತಲೆಯಲ್ಲಿ ಇದ್ದದ್ದು ನವೆಂಬರ್ ಒಂದೇ.

ನವೆಂಬರಿನ ಕೊನೆಯ ಬುಧವಾರ ನಾಲ್ಕನೆಯದರ ಸರದಿ ಬಂತು. ಅದೇ ದಿನ ಬಿರುಗಾಳಿಯೂ ಬಂತು. ಮಳೆ ಅಡ್ಡಡ್ಡವಾಗಿ ಹೊಡೆಯುತ್ತಿತ್ತು, ಸರೋವರ ಕಾಣುತ್ತಲೇ ಇರಲಿಲ್ಲ. ಕಾಡಿನೊಳಗೆ ಹೋಗಬೇಡಿ, ಮರ ಉರುಳುತ್ತಿವೆ ಎಂದು ರೇಡಿಯೋದಲ್ಲಿ ಬೆಳಿಗ್ಗೆ ಆರರಿಂದ ಹೇಳುತ್ತಿದ್ದರು. ಒಬ್ಬಳೇ ಆಗಿದ್ದರೆ ಹೊರಟುಬಿಡುತ್ತಿದ್ದೆ, ಸತ್ಯವಾಗಿ. ಆದರೆ ಮಂಡಿ ಸವೆದ ಹದಿನಾರು ಜನರನ್ನು ಆ ಗಾಳಿಯಲ್ಲಿ ಓಕ್ ಮರಗಳ ಕೆಳಗೆ ಹೇಗೆ ಕರೆದೊಯ್ಯಲಿ? ಕರೆದೊಯ್ಯದಿದ್ದರೆ, ನವೆಂಬರಲ್ಲಿ ಬನ್ನಿ ಎಂದವಳಿಗೆ ಏನು ಹೇಳಲಿ?

ಒಬ್ಬೊಬ್ಬರಿಗೂ ಫೋನ್ ಮಾಡಿ ಬರಬೇಡಿ ಎಂದೆ. ಕೊನೆಯಲ್ಲಿ ಇಷ್‌ಬೆಲ್‌ಗೆ ಮಾಡಿದೆ. ಎತ್ತಲಿಲ್ಲ. ಹತ್ತು ನಿಮಿಷ ಬಿಟ್ಟು ಮತ್ತೆ ಮಾಡಿದೆ. ಎತ್ತಲಿಲ್ಲ. ಹಿಟ್ಟಿನ ಕೈಯಲ್ಲಿ ಕಿಟಕಿಯ ಹತ್ತಿರ ನಿಂತು, ಖಾಲಿ ದಾರಿ ನೋಡುತ್ತ, ಫೋನು ಬಡಿದುಕೊಳ್ಳಲಿ ಎಂದು ಬಿಟ್ಟಿದ್ದಾಳೆ ಎಂದುಕೊಂಡೆ. ಎಲ್ಲ ಮುಗಿಯಿತು, ನಾನೇ ಮತ್ತೆ ಕೆಡಿಸಿದೆ. ಕಾರಿನ ಕೀಲಿ ಹುಡುಕುತ್ತಿದ್ದೆ, ರಸ್ತೆಯಲ್ಲಾದರೂ ಸುತ್ತಿ ಹೋಗೋಣವೆಂದು. ಆಗ ಹಿತ್ತಲ ಬಾಗಿಲು ಬಡಿದ ಸದ್ದಾಯಿತು.

ಇಷ್‌ಬೆಲ್ ನಿಂತಿದ್ದಳು. ಡೂಗಲ್‌ನ ಹಳೆಯ ರೇನ್‌ಕೋಟು, ಮೊಣಕಾಲವರೆಗೆ ಕೆಸರು, ಮೂಗಿನ ತುದಿಯಿಂದ ನೀರು ಸುರಿಯುತ್ತಿತ್ತು. ಕೋಟಿನೊಳಗೆ ತಗಡಿನ ಡಬ್ಬವೊಂದನ್ನು ಕೂಸಿನ ಹಾಗೆ ಅವುಚಿಕೊಂಡಿದ್ದಳು.

“ಫೋನು ಆಗಿಂದ ಬಡ್ಕೊಳ್ತಿತ್ತೇನೋ ಮನೇಲಿ,” ಎಂದಳು. “ನಾನಿದ್ರೆ ತಾನೇ ಎತ್ತೋದು.”

“ತಲೆ ಕೆಟ್ಟಿದ್ಯೇನೆ ನಿನಗೆ? ಈ ಗಾಳೀಲಿ? ಮರ ಬಿದ್ದಿದ್ರೆ?”

“ಬಿದ್ದಿದೆ ಒಂದು. ಹತ್ತಿ ಇಳಿದು ಬಂದೆ. ಒಳಗೆ ಕರೀತೀಯೋ, ಇಲ್ಲೇ ಬೈತೀಯೋ?”

ಒಳಗೆಳೆದು ಒಲೆಯ ಮುಂದೆ ಕೂರಿಸಿದೆ. ಕೋಟು ಬಿಚ್ಚಿದೆ, ತಲೆ ಒರೆಸಿದೆ. ಕೈಗಳು ಮರಗಟ್ಟಿದ್ದವು, ಉಜ್ಜಿದೆ. ಅವಳು ಬೆಂಕಿ ನೋಡುತ್ತ ಹೇಳಿದಳು:

“ನೀವು ಬರೋಕಾಗಲ್ಲ ಅಂತ ಬೆಳಿಗ್ಗೆ ಎದ್ದಾಗ್ಲೇ ಗೊತ್ತಾಯ್ತು. ಬಂದಿದ್ರೆ ನಿನ್ನ ಜೈಲಿಗೆ ಹಾಕ್ಬೇಕಿತ್ತು. ಹಿಟ್ಟು ಕಲಸಿ ಆಗಿತ್ತು. ಮತ್ತೆ ಹಕ್ಕಿಗಳಿಗೆ ಹಾಕ್ಬೇಕಾ ಅಂತ ಸಿಟ್ಟು ಬಂತು. ಯಾರ ಮೇಲೆ ಅಂತ ಯೋಚಿಸ್ದೆ. ಮೂರು ವರ್ಷ ಹಳ್ಳದ ತನಕ ಕತ್ತರಿಸ್ದೆ ಕಣೆ. ಆಚೆ ಒಂದು ಹೆಜ್ಜೆ ಇಡ್ಲಿಲ್ಲ. ಹಲಗೆ ಆಗ ಗಟ್ಟಿಯಾಗೇ ಇತ್ತು. ಊರು ಎರಡು ಮೈಲಿ. ನೀವು ಕೇಳ್ಲಿಲ್ಲ ಅಂತ ಕೂತಿದ್ದೆ, ನಾನೇನು ಕೇಳಿದ್ನಾ?”

“ಆ ಮರದ ಹತ್ರ...” ಎಂದೆ. ಮುಂದೆ ಹೇಗೆ ಕೇಳಬೇಕೋ ತಿಳಿಯಲಿಲ್ಲ. ಆದರೂ ಕೇಳಿದೆ. “ನಿಂತ್ಯಾ?”

“ನಿಂತೆ. ಅದೇ ಹೆದರಿಕೆ ಇತ್ತಲ್ಲ ನನಗೆ, ಇಷ್ಟು ದಿನ. ಚೆನ್ನಾಗಿ ಬೈದೆ ಅವನಿಗೆ. ಹೇಳ್ದೆ ಕೇಳ್ದೆ ಹೊರಟುಬಿಟ್ಟೆಯಲ್ಲೋ ಅಂತ. ಗಾಳಿಗೆ ನನ್ನ ಮಾತು ನನಗೇ ಕೇಳಿಸ್ಲಿಲ್ಲ. ಆಮೇಲೆ ಚಳಿ ಆಯ್ತು, ಬಂದೆ.”

ಅವಳ ಕೈ ನನ್ನ ಕೈಯಲ್ಲಿ ನಿಧಾನಕ್ಕೆ ಬಿಸಿಯಾಯಿತು. ಇಷ್ಟು ವರ್ಷದಲ್ಲಿ ಅಷ್ಟು ಸಂತೋಷ ನನಗೆ ಆಗಿರಲಿಲ್ಲ.

ಮತ್ತೆ ಒಬ್ಬೊಬ್ಬರಿಗೂ ಫೋನ್ ಮಾಡಿದೆ: ನಡಿಗೆ ಇಲ್ಲ, ಆದರೆ ಹಾಲ್‌ಗೆ ಬನ್ನಿ, ಇಷ್‌ಬೆಲ್ ಬಂದಿದ್ದಾಳೆ. ಐದು ನಿಮಿಷದ ದಾರಿ. ಛತ್ರಿಗಳನ್ನು ಗಾಳಿಗೆ ಕಳೆದುಕೊಂಡು, ಟೋಪಿಗಳನ್ನು ಹಿಡಿದುಕೊಂಡು ಹದಿನಾಲ್ಕು ಜನ ಬಂದರು. ಡಬ್ಬದೊಳಗಿನ ಸ್ಕೋನ್‌ಗಳು ಅವುಚಿಕೊಂಡು ಬಂದ ಒತ್ತಡಕ್ಕೆ ಚಪ್ಪಟೆಯಾಗಿದ್ದವು. ಹೆಕ್ಟರ್ ಒಂದನ್ನು ಎತ್ತಿ ಹಿಡಿದು, “ಇದು ಸ್ಕೋನಾ, ಅಂಚೆ ಚೀಟಿಯಾ?” ಎಂದ. ಇಷ್‌ಬೆಲ್ ಅವನ ತಲೆಗೆ ಮೊಟಕಿದಳು. ಮೂರು ವರ್ಷದ ಮೇಲೆ ಹಾಲ್‌ನಲ್ಲಿ ಅವಳ ನಗು ಕೇಳಿಸಿತು.

ಎಲ್ಲರ ತಟ್ಟೆ ತುಂಬಿದ ಮೇಲೆ ರೋನಾ ಮೇಜಿನ ಆ ಕೊನೆಯಿಂದ ಗಟ್ಟಿಯಾಗಿ ಕೇಳಿದಳು:

“ಇಷ್‌ಬೆಲ್, ವಸಂತದಲ್ಲಿ ಮನೆ ಮಾರ್ತೀರಾ?”

ಈ ಸಲ ಹೆಕ್ಟರ್ ಚಹಾ ಕಲಕಲಿಲ್ಲ. ಆ ಪ್ರಶ್ನೆ ಬೆಳಿಗ್ಗೆಯಿಂದ ನನ್ನ ತಲೆಯಲ್ಲೂ ಇತ್ತು.

ಇಷ್‌ಬೆಲ್ ಜಾಮ್ ಬಾಟಲಿಯ ಮುಚ್ಚಳ ತಿರುಗಿಸುತ್ತಿದ್ದವಳು ತಲೆಯೆತ್ತಿದಳು.

“ಮಾರಿಬಿಟ್ರೆ ಬುಧವಾರ ಎಲ್ಲಿಂದ ನಡ್ಕೊಂಡು ಬರ್ಲಿ?” ಎಂದಳು. ಮುಚ್ಚಳ ಬರಲಿಲ್ಲ. ಬಾಟಲಿಯನ್ನು ನನ್ನ ಕಡೆ ತಳ್ಳಿ, “ತೆಗಿ ಇದನ್ನ,” ಎಂದಳು.